ಮಿದುಳಿನ ಮುಪ್ಪು: ನಾಲ್ಕು ವರ್ಷ ಒಂದಾದ ಬಗೆ

2014ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ನಿಕೊಲಾಸ್ ಕುಟ್ಸುಲೇರಿಸ್ ಮತ್ತು ಸಂಗಡಿಗರು ಖಿನ್ನತೆಯಿಂದ ಬಳಲುತ್ತಿದ್ದ 104 ಮಂದಿಯ ಮಿದುಳಿನ ಎಂಆರ್‌ಐ ಚಿತ್ರಗಳನ್ನು ಕಂಪ್ಯೂಟರಿನ ಮುಂದಿಟ್ಟು, ಇವರ ವಯಸ್ಸೆಷ್ಟಿರಬಹುದು ಎಂದು ಕೇಳಿದರು. ಕಂಪ್ಯೂಟರು ಹೇಳಿದ ವಯಸ್ಸು ಅವರ ನಿಜವಾದ ವಯಸ್ಸಿಗಿಂತ ಸರಾಸರಿ 4 ವರ್ಷ ಹೆಚ್ಚಿತ್ತು. ಖಿನ್ನತೆ ಮಿದುಳನ್ನು ಬೇಗ ಮುದಿಯಾಗಿಸುತ್ತದೆ ಎಂಬ ಮಾತಿಗೆ ಅಂಕಿಯೊಂದು ಸಿಕ್ಕಿತು. ಆರು ವರ್ಷ ಕಳೆದು, 2020ರಲ್ಲಿ ಅದೇ ಪ್ರಶ್ನೆಯನ್ನು 2,675 ರೋಗಿಗಳ ಚಿತ್ರಗಳಿಗೆ ಕೇಳಿದಾಗ ಬಂದ ಉತ್ತರ 1.08 ವರ್ಷ.

ನಾಲ್ಕು ವರ್ಷದಲ್ಲಿ ಮೂರು ವರ್ಷ ಕರಗಿಹೋಯಿತಲ್ಲ ಎಂದು ನಗುವವರು ನಗಬಹುದು. ಆದರೆ ಅಳೆಯುವ ಕೈ ಪಳಗಿದಂತೆ ಅಂಕಿ ಕುಗ್ಗುವುದು, ಕುಗ್ಗಿದರೂ ಸೊನ್ನೆಯಾಗದೆ ಉಳಿಯುವುದು, ಈ ಕ್ಷೇತ್ರದಲ್ಲಿ ಅರವತ್ತು ವರ್ಷಗಳಿಂದ ಮತ್ತೆ ಮತ್ತೆ ನಡೆದಿದೆ.

ಶುರುವಾದದ್ದು ಆಸ್ಪತ್ರೆಯ ವಾರ್ಡುಗಳಲ್ಲಿ, ಮಿದುಳಿನ ಚಿತ್ರ ತೆಗೆಯುವ ಯಂತ್ರಗಳು ಬರುವ ಮೊದಲೇ. ವಯಸ್ಸಾದ ರೋಗಿಯೊಬ್ಬರು ಮಾತು ಬಿಟ್ಟಿರುತ್ತಾರೆ. ಇವತ್ತು ಯಾವ ವಾರ ಎಂದರೆ ತಡಕಾಡುತ್ತಾರೆ. ಲೆಕ್ಕ ಕೇಳಿದರೆ ಗೊತ್ತಿಲ್ಲ ಎನ್ನುತ್ತಾರೆ. ನಮ್ಮ ಮನೆಗಳಲ್ಲಾದರೆ ಅರವತ್ತಕ್ಕೆ ಅರಳು ಮರಳು ಎಂದು ಸುಮ್ಮನಾಗುತ್ತಾರೆ. ಅಂದಿನ ವೈದ್ಯರೂ ಹೆಚ್ಚುಕಡಿಮೆ ಅದನ್ನೇ ಮಾಡುತ್ತಿದ್ದರು, ಮರೆಗುಳಿತನ ಎಂದು ಚೀಟಿ ಬರೆದು ಕೈಚೆಲ್ಲುತ್ತಿದ್ದರು. 1961ರಲ್ಲಿ ಮನೋವೈದ್ಯ ಲೆಸ್ಲಿ ಕೈಲೋ ಇಂಥ ರೋಗಿಗಳ ಬಗ್ಗೆ ಬರೆದ ಪ್ರಬಂಧ ಆ ಅಭ್ಯಾಸವನ್ನು ಅಲುಗಿಸಿತು. ಇವರಲ್ಲಿ ಕೆಲವರಿಗೆ ಇರುವುದು ಖಿನ್ನತೆ, ಅದಕ್ಕೆ ಚಿಕಿತ್ಸೆ ಕೊಟ್ಟರೆ ನೆನಪು ಮರಳುತ್ತದೆ ಎಂದರು ಕೈಲೋ. ಇದನ್ನು ಹುಸಿ ಮರೆಗುಳಿತನ ಎಂದು ಕರೆದರು. ಒಂದು ವಾಸಿಯಾಗುತ್ತದೆ, ಇನ್ನೊಂದು ಆಗುವುದಿಲ್ಲ. ಎರಡನ್ನೂ ಬೇರೆ ಮಾಡಿ ನೋಡಬೇಕು ಎಂಬುದು ಮುಂದೆ ಮೂರು ದಶಕ ವೈದ್ಯ ವಿದ್ಯಾರ್ಥಿಗಳು ಕಲಿತ ಪಾಠ.

ಆ ಪಾಠಕ್ಕೆ 1993ರಲ್ಲಿ ತಿದ್ದುಪಡಿ ಬಂತು. ಅಮೆರಿಕದ ಕಾರ್ನೆಲ್‌ನ ಜಾರ್ಜ್ ಅಲೆಕ್ಸೋಪೌಲಸ್ ತಂಡ ಖಿನ್ನತೆಯಿಂದ ಆಸ್ಪತ್ರೆ ಸೇರಿದ್ದ 57 ಹಿರಿಯರನ್ನು ಬಿಡುಗಡೆಯಾದ ಮೇಲೂ ಸುಮಾರು ಮೂರು ವರ್ಷ ಹಿಂಬಾಲಿಸಿತು. ಖಿನ್ನತೆಯ ಜೊತೆ ಮರೆವೂ ಬಂದು, ಚಿಕಿತ್ಸೆಯಿಂದ ವಾಸಿಯಾಗಿದ್ದವರಲ್ಲಿ ಶೇ. 43 ಮಂದಿಗೆ ಈ ಅವಧಿಯಲ್ಲಿ ನಿಜವಾದ ಮರೆಗುಳಿ ರೋಗ ಹತ್ತಿತು. ಬರೀ ಖಿನ್ನತೆ ಇದ್ದವರಲ್ಲಿ ಅದು ಶೇ. 12. ಹುಸಿ ಎಂದುಕೊಂಡದ್ದು ಪೂರ್ತಿ ಹುಸಿಯಾಗಿರಲಿಲ್ಲ. ಖಿನ್ನತೆಗೂ ಮಿದುಳಿನ ಸವೆತಕ್ಕೂ ನಡುವೆ ಏನೋ ಇದೆ ಎಂಬ ಅನುಮಾನ ಗಟ್ಟಿಯಾಯಿತು.

ಅಷ್ಟರಲ್ಲಿ ಪ್ರಯೋಗಾಲಯಗಳಲ್ಲಿ ಒಬ್ಬ ಆರೋಪಿ ಸಿಕ್ಕಿಬಿದ್ದಿದ್ದ: ಕಾರ್ಟಿಸಾಲ್, ಒತ್ತಡದ ಹೊತ್ತಿನಲ್ಲಿ ಮೂತ್ರಪಿಂಡದ ಮೇಲಿನ ಗ್ರಂಥಿ ಸುರಿಸುವ ಹಾರ್ಮೋನು. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಬ್ರೂಸ್ ಮೆಕ್‌ಎವೆನ್ 1968ರಲ್ಲೇ ಒಂದು ವಿಚಿತ್ರವನ್ನು ಗಮನಿಸಿದ್ದರು. ಇಲಿಗಳಲ್ಲಿ ಈ ಬಗೆಯ ಹಾರ್ಮೋನು ಹೋಗಿ ಅಂಟಿಕೊಳ್ಳುತ್ತಿದ್ದುದು ನೆನಪಿನ ಕೆಲಸ ಮಾಡುವ ಹಿಪೊಕ್ಯಾಂಪಸ್‌ಗೆ. ಅವರ ಶಿಷ್ಯ, ಕೀನ್ಯಾದ ಕಾಡಿನಲ್ಲಿ ಬಬೂನ್ ಕೋತಿಗಳ ಒತ್ತಡವನ್ನು ಅಧ್ಯಯನ ಮಾಡಿ ಹೆಸರಾದ ರಾಬರ್ಟ್ ಸಪೋಲ್ಸ್ಕಿ, 1986ರಲ್ಲಿ ಗುರುವಿನ ಜೊತೆ ಸೇರಿ ಒಂದು ಸಿದ್ಧಾಂತ ಮುಂದಿಟ್ಟರು. ಕಾರ್ಟಿಸಾಲ್‌ಗೆ ಕಡಿವಾಣ ಹಾಕುವ ಅಂಗಗಳಲ್ಲಿ ಹಿಪೊಕ್ಯಾಂಪಸ್ ಒಂದು. ಒತ್ತಡ ದೀರ್ಘವಾದರೆ ಕಾರ್ಟಿಸಾಲ್ ಅದನ್ನೇ ಸವೆಸುತ್ತದೆ. ಕಡಿವಾಣ ಸಡಿಲವಾಗಿ ಇನ್ನಷ್ಟು ಕಾರ್ಟಿಸಾಲ್ ಹರಿಯುತ್ತದೆ. ಸವೆತ ಮತ್ತೂ ಹೆಚ್ಚುತ್ತದೆ. ಮುಪ್ಪಿನಲ್ಲಿ ಮಿದುಳು ಕೆಡುವುದು ಹೀಗೆಯೇ ಎಂಬುದು ಅವರ ವಾದ. ತೀವ್ರ ಖಿನ್ನತೆಯ ಹಲವರಲ್ಲಿ ಕಾರ್ಟಿಸಾಲ್ ಹತೋಟಿ ತಪ್ಪಿರುತ್ತದೆ ಎಂಬುದು ಆಗಲೇ ಗೊತ್ತಿತ್ತು. ಎರಡೂ ಎಳೆಗಳನ್ನು ಗಂಟು ಹಾಕುವುದು ಕಷ್ಟವೇನೂ ಆಗಲಿಲ್ಲ.

ಗಂಟು ಹಾಕಿದವರು ಸೇಂಟ್ ಲೂಯಿಸ್‌ನ ಇವೆಟ್ ಶೆಲೀನ್. 1996ರ ಅವರ ಅಧ್ಯಯನದಲ್ಲಿ ಇದ್ದದ್ದು ಖಿನ್ನತೆಯಿಂದ ಚೇತರಿಸಿಕೊಂಡಿದ್ದ ಹತ್ತು ಮಂದಿ, ಹೋಲಿಕೆಗೆ ಆರೋಗ್ಯವಂತರು ಹತ್ತು ಮಂದಿ. ಇಷ್ಟೇ ಜನ, ಆದರೂ ಎಂಆರ್‌ಐಯಲ್ಲಿ ಹಿಪೊಕ್ಯಾಂಪಸ್ ಚಿಕ್ಕದಾಗಿರುವುದು ಕಂಡಿತು, ಖಿನ್ನತೆಯಲ್ಲಿ ಕಳೆದ ಕಾಲ ಹೆಚ್ಚಾದಷ್ಟೂ ಚಿಕ್ಕದು. 1999ರಲ್ಲಿ 23ರಿಂದ 86 ವರ್ಷದ 24 ಹೆಂಗಸರನ್ನು ಪರೀಕ್ಷಿಸಿದಾಗ ಇನ್ನೂ ಮೊನಚಾದ ಫಲಿತಾಂಶ ಬಂತು. ಹಿಪೊಕ್ಯಾಂಪಸ್ ಕುಗ್ಗಿದ್ದು ಅವರ ವಯಸ್ಸಿಗೆ ತಕ್ಕಂತೆ ಆಗಿರಲಿಲ್ಲ, ಖಿನ್ನತೆಯ ದಿನಗಳಿಗೆ ತಕ್ಕಂತೆ ಆಗಿತ್ತು. ಕ್ಯಾಲೆಂಡರಿನ ವಯಸ್ಸು ಬೇರೆ, ಮಿದುಳಿನ ವಯಸ್ಸು ಬೇರೆ ಎಂಬ ಮಾತಿಗೆ ಬೀಜ ಇಲ್ಲಿದೆ. ಅವರ 2003ರ ಅಧ್ಯಯನಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. 38 ಹೆಂಗಸರ ಖಿನ್ನತೆಯ ದಿನಗಳನ್ನು ಔಷಧಿ ತೆಗೆದುಕೊಂಡ ದಿನಗಳು, ತೆಗೆದುಕೊಳ್ಳದ ದಿನಗಳು ಎಂದು ಶೆಲೀನ್ ಎರಡು ಪಾಲು ಮಾಡಿದರು. ಹಿಪೊಕ್ಯಾಂಪಸ್‌ನ ಅಳತೆ ಜೋಡಿಯಾದದ್ದು ಚಿಕಿತ್ಸೆಯಿಲ್ಲದ ದಿನಗಳ ಜೊತೆಗೆ ಮಾತ್ರ.

ಈ ಕಾಲದಲ್ಲೇ ಬೆಂಗಳೂರಿನಲ್ಲಿ ನಡೆದ ಒಂದು ಪ್ರಯೋಗ ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಉಲ್ಲೇಖವಾಗುತ್ತದೆ. ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಸುಮಂತ್ರ ಚಟರ್ಜಿ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಮತ್ತು ಸಹೋದ್ಯೋಗಿಗಳು ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಕಟ್ಟಿಹಾಕಿದರು. ಹಿಪೊಕ್ಯಾಂಪಸ್‌ನ ನರಕೋಶಗಳ ಟಿಸಿಲುಗಳು ಮೊಟಕಾದವು, ಅದು ನಿರೀಕ್ಷಿಸಿದ್ದೇ. ನಿರೀಕ್ಷಿಸದೆ ಬಂದದ್ದು, ಭಯ ಮತ್ತು ಆತಂಕದ ಕೇಂದ್ರವಾದ ಅಮಿಗ್ಡಲದಲ್ಲಿ ಅದೇ ಒತ್ತಡಕ್ಕೆ ಟಿಸಿಲುಗಳು ಇನ್ನಷ್ಟು ಚಾಚಿಕೊಂಡದ್ದು. 2002ರಲ್ಲಿ ಇದು ಪ್ರಕಟವಾಯಿತು. ಎರಡು ವರ್ಷದ ನಂತರದ ಪ್ರಯೋಗದಲ್ಲಿ ಇಲಿಗಳನ್ನು 21 ದಿನ ನೆಮ್ಮದಿಯಾಗಿ ಬಿಟ್ಟಾಗ ಹಿಪೊಕ್ಯಾಂಪಸ್ ಮೊದಲಿನಂತಾಯಿತು, ಅಮಿಗ್ಡಲ ಆಗಲಿಲ್ಲ. ಒತ್ತಡದಲ್ಲಿ ಮಿದುಳೆಲ್ಲ ಒಂದೇ ಸಮನೆ ಸವೆಯುತ್ತದೆ ಎಂಬ ಸರಳ ಚಿತ್ರಕ್ಕೆ ಇದರಿಂದ ಬಿದ್ದ ಪೆಟ್ಟು ಸಣ್ಣದಲ್ಲ. ಮುಪ್ಪು ಎಂಬ ಒಂದೇ ಹೆಸರಿನಲ್ಲಿ ಇದನ್ನೆಲ್ಲ ತುರುಕಬಹುದೇ ಎಂಬ ಪ್ರಶ್ನೆಯೂ ಆಗಲೇ ಏಳಬೇಕಿತ್ತು.

ಮನುಷ್ಯರ ಕಡೆಯಿಂದಲೂ ಸಿದ್ಧಾಂತಕ್ಕೆ ತೊಡಕುಗಳು ಬಂದವು. ಖಿನ್ನತೆಯಿದ್ದು ತೀರಿಕೊಂಡವರ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಸಪೋಲ್ಸ್ಕಿ ಹೇಳಿದಂತೆ ನರಕೋಶಗಳು ಗುಂಪುಗುಂಪಾಗಿ ಸತ್ತ ಗುರುತು ಸಿಗಲಿಲ್ಲ. 2004ರಲ್ಲಿ ಅಮೆರಿಕದ ಕ್ರೇಗ್ ಸ್ಟಾಕ್‌ಮೆಯರ್ ತಂಡ ತೋರಿಸಿದಂತೆ ಕೋಶಗಳು ಉಳಿದಿದ್ದವು, ಒತ್ತೊತ್ತಾಗಿದ್ದವು. ಅವುಗಳ ನಡುವಿನ ಟಿಸಿಲುಗಳ ಹೆಣಿಗೆ ತೆಳುವಾಗಿತ್ತು. ಒಂದು ರೀತಿಯಲ್ಲಿ ಇದು ಒಳ್ಳೆಯ ಸುದ್ದಿಯೇ. ಸತ್ತ ಕೋಶ ಹಿಂದಿರುಗುವುದಿಲ್ಲ, ಮೊಟಕಾದ ಟಿಸಿಲು ಮತ್ತೆ ಚಿಗುರಬಹುದು. ಕುಶಿಂಗ್ ಕಾಯಿಲೆಯವರಲ್ಲಿ, ಅಂದರೆ ಗ್ರಂಥಿದೋಷದಿಂದ ಕಾರ್ಟಿಸಾಲ್ ವಿಪರೀತ ಏರಿರುವವರಲ್ಲಿ, ಚಿಕಿತ್ಸೆಯಿಂದ ಕಾರ್ಟಿಸಾಲ್ ಇಳಿದ ಮೇಲೆ ಹಿಪೊಕ್ಯಾಂಪಸ್ ಮತ್ತೆ ಹಿಗ್ಗಿದ್ದನ್ನು ಮೋನಿಕಾ ಸ್ಟಾರ್ಕ್‌ಮನ್ 1999ರಲ್ಲೇ ವರದಿ ಮಾಡಿದ್ದರು.

ಇನ್ನೊಂದು ತೊಡಕು ಬೀಜ ಮೊದಲೋ ಮರ ಮೊದಲೋ ಎಂಬುದು. 2002ರಲ್ಲಿ ಮಾರ್ಕ್ ಗಿಲ್ಬರ್ಟ್‌ಸನ್ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಮನಸ್ಸಿಗೆ ಆಘಾತವಾಗಿ ಬಂದಿದ್ದ ಸೈನಿಕರನ್ನು, ಯುದ್ಧ ನೋಡದೆ ಊರಲ್ಲೇ ಉಳಿದಿದ್ದ ಅವರ ಅವಳಿ ಸಹೋದರರ ಜೊತೆ ಹೋಲಿಸಿದರು. ಕಾಯಿಲೆ ತೀವ್ರವಾಗಿದ್ದವರ ಹಿಪೊಕ್ಯಾಂಪಸ್ ಚಿಕ್ಕದಿತ್ತು, ನಿಜ. ಆದರೆ ಮನೆಯಲ್ಲಿದ್ದ ಅವಳಿಯದೂ ಚಿಕ್ಕದೇ ಇತ್ತು! ಇದು ಖಿನ್ನತೆಯ ಅಧ್ಯಯನ ಅಲ್ಲವಾದರೂ ಪಾಠ ಎಲ್ಲರಿಗೂ ತಟ್ಟಿತು. ಚಿಕ್ಕ ಹಿಪೊಕ್ಯಾಂಪಸ್ ಕಾಯಿಲೆಯ ಗಾಯವಾಗಿರಬಹುದು, ಕಾಯಿಲೆಗೆ ಎಡೆಕೊಟ್ಟ ಹುಟ್ಟಿನ ಲಕ್ಷಣವೂ ಆಗಿರಬಹುದು.

ಇಷ್ಟರ ಮಧ್ಯೆ ಮುಪ್ಪನ್ನು ಅಳೆಯುವವರು ಮಿದುಳು ಬಿಟ್ಟು ರಕ್ತದ ಕಡೆ ತಿರುಗಿದ್ದರು. ವರ್ಣತಂತುಗಳ ತುದಿಯಲ್ಲಿರುವ ಟೆಲೊಮಿಯರ್ ಕೋಶ ವಿಭಜನೆಯಾದಂತೆಲ್ಲ ಸವೆಯುತ್ತದೆ. ಅದರ ಸಂಶೋಧನೆಗೆ 2009ರಲ್ಲಿ ನೊಬೆಲ್ ಹಂಚಿಕೊಂಡ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಮನಶ್ಶಾಸ್ತ್ರಜ್ಞೆ ಎಲಿಸಾ ಎಪೆಲ್ ಜೊತೆ ಸೇರಿ 2004ರಲ್ಲಿ 58 ತಾಯಂದಿರನ್ನು ಪರೀಕ್ಷಿಸಿದ್ದರು. ಅವರಲ್ಲಿ ಹೆಚ್ಚಿನವರು ದೀರ್ಘ ಕಾಯಿಲೆಯ ಮಕ್ಕಳನ್ನು ಸಾಕುತ್ತಿದ್ದವರು. ಅತಿ ಹೆಚ್ಚು ಒತ್ತಡ ಅನುಭವಿಸುತ್ತಿದ್ದವರ ಟೆಲೊಮಿಯರ್ ಹತ್ತು ವರ್ಷ ಹೆಚ್ಚು ವಯಸ್ಸಾದವರದರಷ್ಟು ಮೋಟಾಗಿತ್ತು ಎಂಬ ಸುದ್ದಿ ಪತ್ರಿಕೆಗಳ ಮುಖಪುಟ ಮುಟ್ಟಿತು. ಬ್ರೆಂಡಾ ಪೆನಿಂಕ್ಸ್ ಮುಂದಾಳತ್ವದಲ್ಲಿ ಸುಮಾರು 3,000 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿರುವ ನೆದರ್ಲೆಂಡ್ಸ್‌ನ ದೊಡ್ಡ ಅಧ್ಯಯನದಲ್ಲಿ ಖಿನ್ನತೆಗೂ ಮೋಟು ಟೆಲೊಮಿಯರಿಗೂ ನಂಟು ಕಂಡಿತು, ಆದರೆ ಅಷ್ಟು ದೊಡ್ಡದಾಗಿ ಅಲ್ಲ. ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳಿಂದ ವಯಸ್ಸು ಹೇಳುವ ಸ್ಟೀವ್ ಹೋರ್ವತ್ ಅವರ 2013ರ ‘ಗಡಿಯಾರ’ದ ಮಾದರಿಯಲ್ಲಿ ಅಳೆದಾಗಲೂ ಅದೇ ಕಥೆ. ವ್ಯತ್ಯಾಸ ಇದೆ, ಚಿಕ್ಕದು.

ಈಗ ಎಂಆರ್‌ಐ ಮತ್ತು ಕಂಪ್ಯೂಟರಿಗೆ ಬರೋಣ. ಜರ್ಮನಿಯ ಯೇನಾ ಊರಿನ ಕಾಟ್ಯಾ ಫ್ರಾಂಕ ಮತ್ತು ಕ್ರಿಸ್ಟಿಯನ್ ಗಾಸರ್ 2010ರಲ್ಲಿ ತಂದ ಉಪಾಯ ಬಲು ಸರಳ. ಮದುವೆ ಮನೆಯಲ್ಲಿ ಪರಿಚಯವಿಲ್ಲದ ನೆಂಟರ ನಡಿಗೆ, ಚರ್ಮ, ಕೂದಲು ನೋಡಿ ಐವತ್ತೈದಿರಬಹುದು ಎಂದು ಅಂದಾಜು ಕಟ್ಟುತ್ತೇವಲ್ಲ, ಹಾಗೆ ಕಂಪ್ಯೂಟರು ಮಿದುಳು ನೋಡಿ ವಯಸ್ಸು ಹೇಳಬೇಕು. ಅದಕ್ಕೆ ಮೊದಲು 19ರಿಂದ 86 ವರ್ಷದ 650ಕ್ಕೂ ಹೆಚ್ಚು ಆರೋಗ್ಯವಂತರ ಚಿತ್ರಗಳ ಮೇಲೆ ಈ ವಿಧಾನವನ್ನು ಪಳಗಿಸಿ ಒರೆಗೆ ಹಚ್ಚಿದರು. ಆಮೇಲೆ ಹೊಸ ಚಿತ್ರ ಕೊಟ್ಟು ಅದು ಹೇಳುವ ವಯಸ್ಸಿನಿಂದ ನಿಜವಾದ ವಯಸ್ಸನ್ನು ಕಳೆದರೆ ಉಳಿಯುವುದೇ ಮಿದುಳಿನ ಹೆಚ್ಚುವರಿ ವಯಸ್ಸು. ಆಲ್ಜೈಮರ್ ರೋಗದ ಆರಂಭದಲ್ಲಿದ್ದವರಿಗೆ ಅದು ಸುಮಾರು 10 ವರ್ಷ ಬಂತು. ಮುಂದೆ ಮ್ಯೂನಿಕ್‌ನವರು ಖಿನ್ನತೆಗೆ 4 ವರ್ಷ, ಸ್ಕಿಜೋಫ್ರೇನಿಯಾಕ್ಕೆ 5.5 ವರ್ಷ ಎಂದರು. ತಮಾಷೆಯೆಂದರೆ ಉಪಾಯ ಹುಟ್ಟಿದ ಯೇನಾದಲ್ಲೇ 2019ರಲ್ಲಿ 38 ಖಿನ್ನತೆ ರೋಗಿಗಳನ್ನು ನೋಡಿದಾಗ ಏನೂ ವ್ಯತ್ಯಾಸ ಸಿಗಲಿಲ್ಲ.

ಜಗಳ ಬಿಡಿಸಲು ಬೇಕಿದ್ದದ್ದು ಜನಸಂಖ್ಯೆ. ಅದನ್ನು ಒದಗಿಸಿದ್ದು ಎನಿಗ್ಮಾ ಎಂಬ ಅಂತರರಾಷ್ಟ್ರೀಯ ಒಕ್ಕೂಟ. ಬೇರೆ ಬೇರೆ ಕಡೆ ಆಗಲೇ ತೆಗೆದಿಟ್ಟ ಚಿತ್ರಗಳನ್ನು ಒಂದೇ ವಿಧಾನದಲ್ಲಿ ಅಳೆದು ಒಟ್ಟುಗೂಡಿಸುವುದು ಅದರ ಕೆಲಸ. ಲಾರಾ ಹಾನ್ ಮತ್ತು ಸಹೋದ್ಯೋಗಿಗಳ 2020ರ ಪ್ರಬಂಧದಲ್ಲಿ 19 ತಂಡಗಳ 6,989 ಮಂದಿಯ ಚಿತ್ರಗಳಿದ್ದವು. 1.08 ಎಂಬ ಅಂಕಿ ಬಂದದ್ದು ಅಲ್ಲಿಂದ. ಮೊದಲ ಸಲ ಖಿನ್ನತೆ ಬಂದವರು, ಮರುಕಳಿಸಿದವರು, ಔಷಧಿ ತೆಗೆದುಕೊಳ್ಳುವವರು, ಬಿಟ್ಟವರು ಎಂದು ಗುಂಪು ಮಾಡಿದರೂ ಅವರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇದು ಶೆಲೀನ್ ಲೆಕ್ಕಕ್ಕೆ ಚೆನ್ನಾಗಿ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು.

ಇನ್ನೊಂದು ಅಂಕಿಯನ್ನು ಇದರ ಪಕ್ಕದಲ್ಲಿಟ್ಟೇ ಓದಬೇಕು. ಒಬ್ಬೊಬ್ಬರ ವಯಸ್ಸು ಹೇಳುವಾಗ ಈ ವಿಧಾನ ಸರಾಸರಿ ಆರು ವರ್ಷಕ್ಕೂ ಹೆಚ್ಚು ತಪ್ಪುತ್ತಿತ್ತು. ಅಳತೆಗೋಲೇ ಆರು ವರ್ಷ ಅಲುಗಾಡುವಾಗ ಒಂದು ವರ್ಷದ ವ್ಯತ್ಯಾಸವನ್ನು ಯಾವ ಒಬ್ಬ ರೋಗಿಯ ತಲೆಗೂ ಕಟ್ಟಲು ಬರುವುದಿಲ್ಲ. ಸಾವಿರಾರು ಜನರ ಸರಾಸರಿಯಲ್ಲಿ ಮಾತ್ರ ಅದಕ್ಕೆ ಅರ್ಥ. 2022ರಲ್ಲಿ ಜರ್ಮನಿಯ ನಿಲ್ಸ್ ವಿಂಟರ್ ಮತ್ತು ಟಿಮ್ ಹಾನ್ ತಂಡ 1,809 ಮಂದಿಯನ್ನು ಹಲವು ಬಗೆಯ ಸ್ಕ್ಯಾನ್‌ಗಳಲ್ಲಿ ನೋಡಿ ಈ ಮಾತನ್ನು ಇನ್ನೂ ಖಾರವಾಗಿ ಹೇಳಿತು. ಖಿನ್ನತೆಯಿದ್ದವರ ಮತ್ತು ಇಲ್ಲದವರ ಅಳತೆಗಳು ಶೇ. 87ರಿಂದ 95ರಷ್ಟು ಒಂದರ ಮೇಲೊಂದು ಕೂರುತ್ತಿದ್ದವು. ಯಾವುದೇ ಒಂದು ಅಳತೆ ನೋಡಿ ಯಾರು ರೋಗಿ ಎಂದು ಊಹಿಸಿದರೆ ಸರಿಯಾಗುತ್ತಿದ್ದುದು ನೂರಕ್ಕೆ 54ರಿಂದ 56 ಸಲ. ನಾಣ್ಯ ಚಿಮ್ಮಿದರೆ 50 ಹೇಗೂ ಸಿಗುತ್ತದೆ. ಇಷ್ಟಾದ ಮೇಲೂ ನಿಮ್ಮ ಮಿದುಳಿನ ವಯಸ್ಸು ಹೇಳುತ್ತೇವೆ ಎಂದು ಹಣ ಕೇಳುವವರನ್ನು ಅನುಮಾನದಿಂದ ನೋಡುವುದೇ ಸರಿ.

ಬುಡಕ್ಕೇ ಕೈ ಹಾಕಿದ ಟೀಕೆ 2021ರಲ್ಲಿ ಓಸ್ಲೋದಿಂದ ಬಂತು. ದಿದಾಕ್ ವಿದಾಲ್ ಪಿನ್ಯೇರೊ ಮತ್ತು ಸಂಗಡಿಗರು ಒಬ್ಬರದೇ ಮಿದುಳನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಸ್ಕ್ಯಾನ್ ಮಾಡಿದ ದಾಖಲೆಗಳನ್ನು ಹಿಡಿದರು. ಹೆಚ್ಚು ‘ವಯಸ್ಸಾದ’ ಮಿದುಳು ಮುಂದಿನ ವರ್ಷಗಳಲ್ಲಿ ಬೇಗ ಸವೆಯಬೇಕಲ್ಲವೇ? ಹಾಗಾಗಲಿಲ್ಲ. ಅದರ ಬದಲು ಆ ಅಂಕಿಗೆ ನಂಟು ಸಿಕ್ಕಿದ್ದು ಹುಟ್ಟಿದಾಗಿನ ತೂಕ ಮತ್ತು ವಂಶವಾಹಿಗಳ ಜೊತೆ. ಒಂದೇ ಸಲ ತೆಗೆದ ಚಿತ್ರದಲ್ಲಿ ವೇಗ ಕಾಣುವುದಿಲ್ಲ, ಸ್ಥಾನ ಮಾತ್ರ ಕಾಣುತ್ತದೆ. ಆದ್ದರಿಂದ ಖಿನ್ನತೆ ಮುಪ್ಪನ್ನು ‘ಬೇಗ ತರುತ್ತದೆ’ ಎಂಬ ಮಾತು ಈ ಬಗೆಯ ಅಧ್ಯಯನಗಳ ಬೆನ್ನ ಮೇಲೆ ಹೊರಿಸಿದ ಹೆಚ್ಚಿನ ಭಾರ.

ಹಾಗಾದರೆ ಕೊನೆಯ ಪರಿಣಾಮದ, ಅಂದರೆ ಮರೆಗುಳಿ ರೋಗದ ಲೆಕ್ಕ ಏನು ಹೇಳುತ್ತದೆ? ಇಲ್ಲಿ ಸ್ಕ್ಯಾನ್ ಬೇಕಿಲ್ಲ, ತಾಳ್ಮೆ ಬೇಕು. ಡೆನ್ಮಾರ್ಕಿನ ಲಾರ್ಸ್ ಕೆಸಿಂಗ್ 2004ರಲ್ಲಿ ದೇಶದ ಆಸ್ಪತ್ರೆ ದಾಖಲೆಗಳಿಂದ, ಖಿನ್ನತೆಯಿಂದ ಆಸ್ಪತ್ರೆ ಸೇರಿದ ಪ್ರತಿ ಸರದಿಗೂ ಮರೆಗುಳಿ ರೋಗದ ಪ್ರಮಾಣ ಶೇ. 13ರಷ್ಟು ಏರುತ್ತದೆ ಎಂದು ತೋರಿಸಿದರು. ಲಂಡನ್ನಿನ ಸರ್ಕಾರಿ ನೌಕರರ ವೈಟ್‌ಹಾಲ್ ಅಧ್ಯಯನ ಇದಕ್ಕೆ ಎದುರು ನಿಂತಿತು. 1985ರಿಂದ 10,189 ಮಂದಿಯನ್ನು ಮೂರು ದಶಕ ಹಿಂಬಾಲಿಸಿದ ಅರ್ಚನಾ ಸಿಂಗ್ ಮನು ತಂಡ 2017ರಲ್ಲಿ ಹೇಳಿದ್ದು: ನಡುವಯಸ್ಸಿನ ಖಿನ್ನತೆ ಅಪಾಯವನ್ನು ಹೆಚ್ಚಿಸಿರಲಿಲ್ಲ, ರೋಗ ಪತ್ತೆಯಾಗುವುದಕ್ಕೆ ಸುಮಾರು 11 ವರ್ಷ ಮೊದಲಿಂದಷ್ಟೇ ಖಿನ್ನತೆಯ ಲಕ್ಷಣಗಳು ಏರುತ್ತಿದ್ದವು. ಹಾಗಿದ್ದರೆ ಇಳಿವಯಸ್ಸಿನ ಖಿನ್ನತೆ ಮರೆಗುಳಿ ರೋಗದ ಕಾರಣವಾಗಿರದೆ ಅದರ ಮೊದಲ ನೆರಳಾಗಿರಬಹುದು. 2023ರಲ್ಲಿ ಮತ್ತೆ ಡೆನ್ಮಾರ್ಕಿನಿಂದ ಉತ್ತರ ಬಂತು. 14 ಲಕ್ಷ ಜನರ ದಾಖಲೆಗಳಲ್ಲಿ ಖಿನ್ನತೆ ಪತ್ತೆಯಾಗಿದ್ದವರಿಗೆ ಅಪಾಯ 2.41 ಪಟ್ಟು ಇತ್ತು, ಯೌವನದಲ್ಲಿ ಖಿನ್ನತೆ ಬಂದಿದ್ದವರಲ್ಲೂ ಕಡಿಮೆಯಿರಲಿಲ್ಲ. ಎರಡೂ ಅಧ್ಯಯನ ಅಚ್ಚುಕಟ್ಟಾದವೇ. ಆದರೆ ವೈಟ್‌ಹಾಲ್‌ನಲ್ಲಿ ಅಳೆದದ್ದು ಪ್ರಶ್ನಾವಳಿಗೆ ನೌಕರರು ತಾವೇ ಕೊಟ್ಟ ಉತ್ತರ, ಡೆನ್ಮಾರ್ಕಿನ ದಾಖಲೆಯಲ್ಲಿದ್ದದ್ದು ಆಸ್ಪತ್ರೆಯ ತಜ್ಞರವರೆಗೆ ಹೋಗುವಷ್ಟು ಗಟ್ಟಿಯಾದ ಖಿನ್ನತೆ. ಎರಡೂ ಒಂದೇ ಕಾಯಿಲೆ ಎಂದುಕೊಂಡು ಹೋಲಿಸಿದ್ದರಿಂದಲೇ ಅರ್ಧ ಗೊಂದಲ ಎಂದು ತೋರುತ್ತದೆ.

ದಾರಿ ಒಂದೇ ಇರಬೇಕೆಂದೂ ಇಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆಯಿಂದ ಮಿದುಳಿನ ಸಣ್ಣ ರಕ್ತನಾಳಗಳು ಕೆಟ್ಟು ಖಿನ್ನತೆಯನ್ನೂ ಮರೆವನ್ನೂ ಜೊತೆಗೇ ತರುತ್ತವೆ ಎಂದು ಅಲೆಕ್ಸೋಪೌಲಸ್ 1997ರಲ್ಲಿ ವಾದಿಸಿದ್ದರು. ಖಿನ್ನತೆಯ ಹಲವರ ರಕ್ತದಲ್ಲಿ ಉರಿಯೂತದ ಗುರುತುಗಳು ಏರಿರುವುದೂ ಗೊತ್ತು. ಚಿಕಾಗೊದ ರಾಬರ್ಟ್ ವಿಲ್ಸನ್, ಬದುಕಿದ್ದಾಗ ಪರೀಕ್ಷೆಗೆ ಒಳಗಾಗಿ ಸತ್ತ ಮೇಲೆ ಮಿದುಳು ದಾನ ಮಾಡಿದ ಹಿರಿಯರಲ್ಲಿ ನೋಡಿದಾಗ, ಖಿನ್ನತೆಗೂ ಆಲ್ಜೈಮರಿನ ಗಂಟುಗಳಿಗೂ ನೇರ ಸಂಬಂಧ ಸಿಗಲಿಲ್ಲ; ಆದರೂ ಖಿನ್ನತೆಯಿದ್ದವರ ನೆನಪು ಬೇಗ ಕುಸಿದಿತ್ತು.

ಹಿಂದಕ್ಕೆ ತಿರುಗಿಸಬಹುದೇ ಎಂಬ ಪ್ರಶ್ನೆಗೆ ಸಿಕ್ಕಿರುವುದು ತುಂಡು ಉತ್ತರಗಳು. 2011ರಲ್ಲಿ ಕರ್ಕ್ ಎರಿಕ್ಸನ್ ತಂಡ 120 ಹಿರಿಯರನ್ನು ಎರಡು ಪಾಲು ಮಾಡಿ ಒಂದು ಗುಂಪಿಗೆ ವರ್ಷವಿಡೀ ವೇಗದ ನಡಿಗೆ ಮಾಡಿಸಿದಾಗ ಹಿಪೊಕ್ಯಾಂಪಸ್ ಶೇ. 2ರಷ್ಟು ಹಿಗ್ಗಿತು, ಇವರು ಖಿನ್ನತೆಯ ರೋಗಿಗಳಾಗಿರಲಿಲ್ಲ. ತೀವ್ರ ಖಿನ್ನತೆಗೆ ಕೊಡುವ ವಿದ್ಯುತ್ ಚಿಕಿತ್ಸೆಯಿಂದಲೂ ಹಿಪೊಕ್ಯಾಂಪಸ್ ಹಿಗ್ಗುತ್ತದೆ, ರೋಗಿಯೂ ಸುಧಾರಿಸುತ್ತಾರೆ. ಆದರೆ ಹೆಚ್ಚು ಹಿಗ್ಗಿದವರು ಹೆಚ್ಚು ಸುಧಾರಿಸುತ್ತಾರೆ ಎಂದೇನೂ ಇಲ್ಲ.

ಭಾರತದಲ್ಲಿ ಈ ಚರ್ಚೆಯ ತಕ್ಕಡಿ ಬೇರೆ ಕಡೆ ವಾಲುತ್ತದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಇಪ್ಪತ್ತಕ್ಕೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಸಿಕ್ಕವರು, ಅವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆ ಇಲ್ಲ. ಚಿಕಿತ್ಸೆಯಿಲ್ಲದ ದಿನಗಳು ಮಿದುಳಿಗೆ ಏನು ಮಾಡುತ್ತವೆ ಎಂಬ ಶೆಲೀನ್ ಪ್ರಶ್ನೆ ಅಮೆರಿಕಕ್ಕಿಂತ ನಮಗೇ ಹೆಚ್ಚು ಬೇಕಾದದ್ದು. ಅಳತೆಗೋಲಿನ ಸಮಸ್ಯೆಯೂ ಇದೆ. ಮಿದುಳಿನ ವಯಸ್ಸು ಹೇಳುವ ಹಲವು ಕಂಪ್ಯೂಟರ್ ವಿಧಾನಗಳು ಕಲಿತದ್ದು ಬಿಳಿಯರ ಮಿದುಳಿನ ಮೇಲೆ. ಈ ಕೊರತೆ ತುಂಬಲು ನಿಮ್ಹಾನ್ಸ್‌ನ ತಂಡ 6ರಿಂದ 60 ವರ್ಷದ ಭಾರತೀಯರ ಚಿತ್ರಗಳಿಂದ ಐದು ವಯೋಮಾನಗಳ ಮಿದುಳಿನ ಮಾದರಿ ನಕ್ಷೆಗಳನ್ನು ಸಿದ್ಧಪಡಿಸಿದೆ. ಮುಪ್ಪಿನ ಸಂಶೋಧನೆಗೆ ಅಗತ್ಯವಾದ ಅರವತ್ತರ ಮೇಲಿನವರು ಅದರಲ್ಲಿಲ್ಲ.

ಆ ವಯಸ್ಸಿನವರನ್ನು ತಲುಪಲು ಹೊರಟಿರುವುದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಿಂದ 45 ವರ್ಷ ದಾಟಿದ 10,000 ಮಂದಿಯನ್ನು ಸೇರಿಸಿಕೊಂಡು, ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಪರೀಕ್ಷಿಸುವ ಯೋಜನೆ 2018ರಲ್ಲಿ ಶುರುವಾಯಿತು. ರಕ್ತ, ನೆನಪಿನ ಪರೀಕ್ಷೆ, ಎಂಆರ್‌ಐ ಎಲ್ಲವೂ ಇದರಲ್ಲಿವೆ. ಒಂದೇ ಸಲದ ಚಿತ್ರದಿಂದ ವೇಗ ತಿಳಿಯದು ಎಂಬ ಓಸ್ಲೋದ ಆಕ್ಷೇಪಕ್ಕೆ ಇಂಥ ಮರುಪರೀಕ್ಷೆಯೇ ಉತ್ತರ ಕೊಡಬೇಕು. ಬೇಗ ಕೊಡಲಾರದು. ಮೊದಲ ವರ್ಷ 45ರ ವಯಸ್ಸಿನಲ್ಲಿ ಹೆಸರು ಬರೆಸಿದವರು ಅರವತ್ತೈದು ದಾಟುವ ಹೊತ್ತಿಗೆ 2038 ಆಗಿರುತ್ತದೆ.